ಆನ್ ಬೊಲಿನ್ ಜೀವನಚರಿತ್ರೆಗಳು: ಯಾವುದನ್ನು ಮೊದಲು ಓದಬೇಕು?

ಆನ್ ಬೊಲಿನ್ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಎರಡನೇ ಹೆಂಡತಿ. ಆಕೆಯ ಬಗ್ಗೆ ಒಂದೇ ಪುಸ್ತಕ ಓದುವಷ್ಟು ಬಿಡುವಿದ್ದರೆ ಎರಿಕ್ ಐವ್ಸ್ ಬರೆದ ‘ದಿ ಲೈಫ್ ಅಂಡ್ ಡೆತ್ ಆಫ್ ಆನ್ ಬೊಲಿನ್’ ತೆಗೆದುಕೊಳ್ಳಿ. ಎರಡು ಓದುವುದಾದರೆ ಅದರ ಜೊತೆಗೆ ಜಿ. ಡಬ್ಲ್ಯು. ಬರ್ನಾರ್ಡ್ ಅವರ ‘ಆನ್ ಬೊಲಿನ್: ಫೇಟಲ್ ಅಟ್ರಾಕ್ಷನ್ಸ್’ ಇರಲಿ. ಇಬ್ಬರೂ ಅದೇ ಹಳೆಯ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಕೂತವರು. ಆದರೆ ಹೆಚ್ಚುಕಡಿಮೆ ಎದುರುಬದುರು ತೀರ್ಮಾನಕ್ಕೆ ಬಂದರು. ಹೆನ್ರಿಯ ಟ್ಯೂಡರ್ ವಂಶ ಆಳುತ್ತಿದ್ದ ಕಾಲದ ಪರಿಚಯವೇ ಇಲ್ಲ ಅನ್ನುವವರು ಇವೆರಡಕ್ಕೂ ಮೊದಲು ಆಂಟೋನಿಯಾ ಫ್ರೇಸರ್ ಅವರನ್ನು ಓದಲಿ. ಅವಸರ ಇರುವವರಿಗೆ ಇಷ್ಟು ಸಾಕು. ಉಳಿದವರಿಗೆ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಆನ್ ಬಗ್ಗೆ ಪುಸ್ತಕಗಳು ರಾಶಿ ಇವೆ, ಮತ್ತು ಅವು ಒಂದೇ ಹೆಂಗಸಿನ ಕಥೆ ಹೇಳುತ್ತಿವೆಯೇ ಅನ್ನುವಷ್ಟು ಬೇರೆ ಬೇರೆಯಾಗಿವೆ.

ಕಥೆಯ ಚೌಕಟ್ಟು ಹೀಗಿದೆ. ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಮೊದಲ ಹೆಂಡತಿ ಅರಗಾನ್‌ನ ಕ್ಯಾಥರಿನ್‌ಳಿಂದ ಉಳಿದ ಮಗು ಒಬ್ಬಳೇ, ಮೇರಿ. ಗಂಡು ಮಗು ಬೇಕಿತ್ತು. ರಾಣಿಯ ಓಲಗದಲ್ಲಿದ್ದ ಆನ್ ಬೊಲಿನ್ ಮೇಲೆ ಮನಸ್ಸಾಯಿತು. ಮೊದಲ ಮದುವೆ ಮದುವೆಯೇ ಅಲ್ಲ ಎಂದು ಪೋಪ್ ಘೋಷಿಸಲಿ ಎಂದು ಹೆನ್ರಿ ವರ್ಷಗಟ್ಟಲೆ ಕಾದ. ಪೋಪ್ ಒಪ್ಪಲಿಲ್ಲ. ಕೊನೆಗೆ ಇಂಗ್ಲೆಂಡಿನ ಚರ್ಚೇ ರೋಮ್‌ನಿಂದ ಬೇರೆಯಾಯಿತು. 1533ರ ಜೂನ್ 1ರಂದು ಆನ್‌ಗೆ ಕಿರೀಟಧಾರಣೆ. ಸೆಪ್ಟೆಂಬರ್ 7ರಂದು ಎಲಿಜಬೆತ್ ಹುಟ್ಟಿದಳು. 1536ರ ಮೇ 2ರಂದು ಆನ್‌ಳ ಬಂಧನವಾಯಿತು, ಮೇ 15ಕ್ಕೆ ವಿಚಾರಣೆ ನಡೆಯಿತು, ಮೇ 19ರಂದು ಲಂಡನ್ ಟವರ್‌ನ ಒಳಗೆ ಕತ್ತಿಯಿಂದ ಆಕೆಯ ತಲೆ ಕಡಿದರು. ಐವರು ಗಂಡಸರ ಜೊತೆ ಸಂಬಂಧ ಇತ್ತು ಅನ್ನುವುದು ಆರೋಪ. ಆ ಐವರಲ್ಲಿ ಒಬ್ಬ ಆಕೆಯ ಒಡಹುಟ್ಟಿದವನೇ ಆದ ಜಾರ್ಜ್. ಆಕೆ ಸತ್ತ ಹನ್ನೊಂದನೇ ದಿನ ಹೆನ್ರಿ ಜೇನ್ ಸೀಮೋರ್‌ಳನ್ನು ಮದುವೆಯಾದ. ತಾಯಿಯ ಮುಖವೂ ಸರಿಯಾಗಿ ನೆನಪಿರದ ವಯಸ್ಸಿನ ಆ ಮಗು ಎಲಿಜಬೆತ್ ಮುಂದೆ ರಾಣಿಯಾಗಿ 44 ವರ್ಷ ಆಳಿದಳು. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವಳೂ ಅವಳೇ. ನಮ್ಮ ಶಾಲೆಯ ಇತಿಹಾಸ ಪಾಠ ಅಲ್ಲಿಂದ ಶುರುವಾಗುತ್ತದೆ, ಅವಳ ತಾಯಿಯ ಹೆಸರು ಮಾತ್ರ ಅದರಲ್ಲಿ ಬರುವುದಿಲ್ಲ.

ಪುಸ್ತಕಗಳು ಇಷ್ಟೊಂದು ಬೇರೆ ಯಾಕೆ?

ಸಾಕ್ಷ್ಯದಲ್ಲಿ ದೊಡ್ಡ ದೊಡ್ಡ ತೂತುಗಳಿವೆ. ಆನ್ ಹುಟ್ಟಿದ ವರ್ಷವನ್ನು ಯಾರೂ ಬರೆದಿಡಲಿಲ್ಲ. ಕೆಲವರು 1501 ಅನ್ನುತ್ತಾರೆ, ಕೆಲವರು 1507. ಹೆನ್ರಿ ಆಕೆಗೆ ಬರೆದ 17 ಪ್ರೇಮಪತ್ರಗಳು ವ್ಯಾಟಿಕನ್ ಗ್ರಂಥಾಲಯದಲ್ಲಿವೆ. ಆಕೆಯ ಉತ್ತರಗಳು ಸಿಕ್ಕಿಲ್ಲ, ಹೆನ್ರಿಯ ಪತ್ರಗಳಿಗೂ ತಾರೀಕು ಇಲ್ಲ. ಬದುಕಿದ್ದಾಗಲೇ ಮಾಡಿದ್ದು ಎಂದು ಅನುಮಾನವಿಲ್ಲದೆ ಹೇಳಬಹುದಾದ ಆಕೆಯ ಮುಖ ಉಳಿದಿರುವುದು 1534ರ ಒಂದು ಸೀಸದ ಪದಕದಲ್ಲಿ. ಅದರಲ್ಲೂ ಮೂಗು ಜಜ್ಜಿಹೋಗಿದೆ. ವಿಚಾರಣೆಯ ಆರೋಪಪಟ್ಟಿ ಉಳಿದಿದೆ, ಸಾಕ್ಷಿಗಳು ಏನು ಹೇಳಿದರು ಅನ್ನುವ ದಾಖಲೆ ಉಳಿದಿಲ್ಲ.

ಹಾಗಾಗಿ ಆನ್ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಮೊದಲು ಒಂದು ವಿಷಯ ನಿರ್ಧರಿಸಬೇಕಾಗುತ್ತದೆ: ಯಾರ ಮಾತು ನಂಬುವುದು? ಯಾವ ಪುಸ್ತಕ ಎಂದು ಆರಿಸುವಾಗ ನೀವು ನಿಜವಾಗಿ ಆರಿಸುತ್ತಿರುವುದು ಇದನ್ನೇ. ಲೇಖಕರ ಶೈಲಿ, ಪುಟಗಳ ಲೆಕ್ಕ ಎಲ್ಲ ಆಮೇಲಿನ ಮಾತು.

ಸಾಕ್ಷಿಗಳಲ್ಲಿ ಎಲ್ಲರಿಗಿಂತ ಜಾಸ್ತಿ ಬರೆದವನು ಯೂಸ್ಟಸ್ ಶಪ್ವಿ. ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಐದನೇ ಚಾರ್ಲ್ಸ್‌ನ ರಾಯಭಾರಿ, 1529ರಲ್ಲಿ ಲಂಡನ್‌ಗೆ ಬಂದವನು. ಆ ಚಾರ್ಲ್ಸ್ ಕ್ಯಾಥರಿನ್‌ಳ ಅಕ್ಕನ ಮಗ. ಅಂದರೆ ಶಪ್ವಿ ಹಳೆಯ ರಾಣಿಯ ಕಡೆಯವನು. ಆನ್‌ಳನ್ನು ಅವನು ತನ್ನ ವರದಿಗಳಲ್ಲಿ ಹೆಸರು ಹಿಡಿದು ಕರೆಯುವುದೇ ಅಪರೂಪ, ‘ಉಪಪತ್ನಿ’ ಅನ್ನುತ್ತಾನೆ. ಆಕೆ ಕೋಪಿಷ್ಠೆ, ಕ್ಯಾಥರಿನ್‌ಗೆ ವಿಷ ಹಾಕಿಸುವಂಥವಳು ಎಂಬ ಚಿತ್ರದ ದೊಡ್ಡ ಪಾಲು ಬಂದದ್ದು ಇವನಿಂದ. ಹಾಗಂತ ಅವನನ್ನು ಬಿಟ್ಟುಬಿಡಲೂ ಆಗದು, ಅವನಷ್ಟು ವಿವರ ಬರೆದವರು ಇನ್ನೊಬ್ಬರಿಲ್ಲ. ಎರಡನೆಯವನು ಆನ್‌ಳನ್ನು ಸೆರೆಯಿಟ್ಟಿದ್ದ ಲಂಡನ್ ಟವರ್ ಕೋಟೆಯ ಅಧಿಕಾರಿ ವಿಲಿಯಂ ಕಿಂಗ್‌ಸ್ಟನ್. ಸೆರೆಯಲ್ಲಿ ಆನ್ ಏನು ಮಾತಾಡಿದಳು ಅನ್ನುವುದನ್ನು ಅವನು ರಾಜನ ಮುಖ್ಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಪತ್ರ ಬರೆದು ತಿಳಿಸುತ್ತಿದ್ದ. ಆ ಪತ್ರಗಳ ಅಂಚು ಬೆಂಕಿಯಲ್ಲಿ ಸುಟ್ಟಿದೆ, ಆದರೂ ಆಕೆಯ ದನಿಗೆ ಅತಿ ಹತ್ತಿರದವು ಅವೇ. ಇನ್ನು ಆಕೆಗೆ ಆರು ಬೆರಳಿತ್ತು ಅನ್ನುವ ಕಥೆ ಬಂದದ್ದು ನಿಕೊಲಸ್ ಸ್ಯಾಂಡರ್‌ನಿಂದ. ದೇಶ ಬಿಟ್ಟುಹೋದ ಕ್ಯಾಥೊಲಿಕ್ ಪಾದ್ರಿ. ಅವನ ಪುಸ್ತಕ ಅಚ್ಚಾದದ್ದು 1585ರಲ್ಲಿ, ಆಕೆ ಸತ್ತು ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಎದುರು ಕಡೆಯಲ್ಲಿ ಪ್ರಾಟೆಸ್ಟಂಟ್ ಲೇಖಕ ಜಾನ್ ಫಾಕ್ಸ್ ಮತ್ತು ಆನ್‌ಳ ಪಾದ್ರಿಯಾಗಿದ್ದ ವಿಲಿಯಂ ಲ್ಯಾಟಿಮರ್ ಆಕೆಯನ್ನು ಧರ್ಮಸುಧಾರಣೆಯ ತಾಯಿಯಂತೆ ಹೊಗಳಿದರು. ಅವರು ಬರೆದದ್ದು ಎಲಿಜಬೆತ್ ಸಿಂಹಾಸನದಲ್ಲಿದ್ದಾಗ. ಮಗಳ ಆಳ್ವಿಕೆಯಲ್ಲಿ ತಾಯಿಯನ್ನು ಹೊಗಳುವುದು ಸುಲಭ, ಅಲ್ವಾ?

ಐವ್ಸ್ ಮತ್ತು ಬರ್ನಾರ್ಡ್

ಐವ್ಸ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಆನ್ ಬಗ್ಗೆ 1986ರಲ್ಲಿ ಒಮ್ಮೆ ಬರೆದರು, 2004ರಲ್ಲಿ ಅದನ್ನು ತಿದ್ದಿ ಬೆಳೆಸಿ ಮತ್ತೆ ಪ್ರಕಟಿಸಿದರು. ಕೊಳ್ಳುವುದಾದರೆ 2004ರದ್ದನ್ನೇ ಕೊಳ್ಳಿ. ಅವರು ಕಾಣಿಸುವ ಆನ್ ರಾಜಕಾರಣಿ. ರಾಜನ ಮೋಹದಿಂದ ಮೇಲೆ ಬಂದವಳು ನಿಜ, ಆದರೆ ಓದಿಕೊಂಡವಳು, ಕಲೆ ಬಲ್ಲವಳು, ತನ್ನದೇ ಗುಂಪು ಕಟ್ಟಿಕೊಂಡವಳು, ಧರ್ಮದ ವಿಷಯದಲ್ಲಿ ತನ್ನದೇ ನಿಲುವು ಇದ್ದವಳು. ಪುಸ್ತಕದ ನಡುವೆ ಆಕೆಯ ಒಡವೆ, ಬಟ್ಟೆ, ಕಿರೀಟಧಾರಣೆಯ ಮೆರವಣಿಗೆ, ಆಕೆ ಓದುತ್ತಿದ್ದ ಫ್ರೆಂಚ್ ಧರ್ಮಗ್ರಂಥಗಳ ಬಗ್ಗೆಯೇ ಅಧ್ಯಾಯಗಳಿವೆ. ಕಥೆಯ ಓಟ ಬೇಕೆನ್ನುವವರಿಗೆ ಇಲ್ಲಿ ಸ್ವಲ್ಪ ತಡವರಿಸಿದಂತಾಗಬಹುದು. ನನಗೆ ಅವೇ ಪುಸ್ತಕದ ಅತಿ ಒಳ್ಳೆಯ ಪುಟಗಳು. ಸಾವಿನ ದೃಶ್ಯದಿಂದಲೇ ನೆನಪಾಗುವ ಒಬ್ಬ ಹೆಂಗಸು ಅಲ್ಲಿ ಬದುಕಿ ಓಡಾಡುತ್ತಾಳೆ.

ಆಕೆಯ ಪತನಕ್ಕೆ ಐವ್ಸ್ ಕೊಡುವ ಕಾರಣ ಕ್ರಾಮ್‌ವೆಲ್. ಚಿಕ್ಕ ಮಠಗಳನ್ನು ಮುಚ್ಚಿ ಬರುವ ಹಣ ರಾಜನ ಬೊಕ್ಕಸಕ್ಕೆ ಹೋಗಬೇಕೋ, ಓದು ಮತ್ತು ದಾನಕ್ಕೆ ಹೋಗಬೇಕೋ ಎಂಬ ಜಗಳ ಆಗ ನಡೆದಿತ್ತು. 1536ರ ಏಪ್ರಿಲ್ 2ರಂದು ಆನ್‌ಳ ಪಾದ್ರಿ ಜಾನ್ ಸ್ಕಿಪ್ ಅರಮನೆಯ ಚರ್ಚಿನಲ್ಲಿ ಒಂದು ಪ್ರವಚನ ಕೊಟ್ಟ. ಬೈಬಲ್ಲಿನ ಎಸ್ತೇರ್ ರಾಣಿಯ ಕಥೆ ತೆಗೆದು, ರಾಜನ ದಾರಿ ತಪ್ಪಿಸಿದ ಮಂತ್ರಿ ಹಾಮಾನನ ಗತಿ ಏನಾಯಿತು ಎಂದು ಹೇಳಿದ. ಕೇಳುತ್ತಿದ್ದವರಿಗೆ ಹಾಮಾನ ಯಾರೆಂದು ಅರ್ಥವಾಗದೆ ಇರಲಿಲ್ಲ. ವಿದೇಶಾಂಗ ನೀತಿಯಲ್ಲೂ ಕ್ರಾಮ್‌ವೆಲ್ ಚಕ್ರವರ್ತಿಯ ಕಡೆ ವಾಲುತ್ತಿದ್ದ, ಆನ್ ಫ್ರಾನ್ಸ್ ಕಡೆಯವಳು. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು, ಕ್ರಾಮ್‌ವೆಲ್ ಮೊದಲು ಕೈಹಾಕಿದ ಅನ್ನುವುದು ಐವ್ಸ್ ವಾದ. ಆ ಸಂಚನ್ನು ಹೆಣೆದವನು ತಾನೇ ಎಂಬ ಅರ್ಥದಲ್ಲಿ ಕ್ರಾಮ್‌ವೆಲ್ ಆಡಿದ ಮಾತನ್ನು ಶಪ್ವಿ ಜೂನ್‌ನಲ್ಲಿ ಬರೆದಿದ್ದಾನೆ. ಐವ್ಸ್‌ಗೆ ಅದು ದೊಡ್ಡ ಆಧಾರ.

ಆಕೆ ನಿರಪರಾಧಿ ಅನ್ನುವುದಕ್ಕೆ ಐವ್ಸ್ ಹಿಡಿದ ದಾರಿ ಇನ್ನೂ ಗಟ್ಟಿಯದು. ಆರೋಪಪಟ್ಟಿಯಲ್ಲಿ ತಾರೀಕು, ಊರು ಎರಡೂ ಇವೆ. ಅವರು ಒಂದೊಂದನ್ನೂ ಅರಮನೆಯ ಓಡಾಟದ ಜೊತೆ ಹೋಲಿಸಿದರು. ಉದಾಹರಣೆಗೆ 1533ರ ಅಕ್ಟೋಬರ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ತಪ್ಪು ನಡೆಯಿತು ಎನ್ನುತ್ತದೆ ಪಟ್ಟಿ. ಆಗ ಆನ್ ಇದ್ದದ್ದು ಗ್ರೀನಿಚ್‌ನಲ್ಲಿ, ಹೆರಿಗೆಯಾಗಿ ತಿಂಗಳು ಕಳೆದಿತ್ತಷ್ಟೆ. ಹೀಗೆ ಆರೋಪಗಳಲ್ಲಿ ಮುಕ್ಕಾಲು ಪಾಲು ನಿಲ್ಲುವುದಿಲ್ಲ ಎಂದು ಅವರು ತೋರಿಸಿದರು.

ಬರ್ನಾರ್ಡ್ ಅವರ ಪುಸ್ತಕ 2010ರದ್ದು, ಐವ್ಸ್‌ಗಿಂತ ಚಿಕ್ಕದು. ಅವರ ಸ್ವಭಾವವೇ ಬೇರೆ: ಎಲ್ಲರೂ ಒಪ್ಪಿದ್ದನ್ನು ಕೆದಕಿ ನೋಡುವವರು. ಧರ್ಮಸುಧಾರಕಿ ಆನ್ ಅನ್ನುವ ಚಿತ್ರ ಫಾಕ್ಸ್, ಲ್ಯಾಟಿಮರ್ ಆಮೇಲೆ ಬಿಡಿಸಿದ್ದು, ಅದನ್ನು ನಂಬಬೇಡಿ ಅನ್ನುತ್ತಾರೆ. ಸ್ಕಿಪ್‌ನ ಪ್ರವಚನವನ್ನೂ ಅವರು ಬೇರೆಯೇ ರೀತಿ ಓದುತ್ತಾರೆ. ಮದುವೆಗೆ ಮೊದಲಿನ ಆ ವರ್ಷಗಳಲ್ಲಿ ಹೆನ್ರಿಯನ್ನು ದೂರ ಇಟ್ಟವಳು ಆನ್ ಎಂದೇ ನಾವು ಕೇಳುತ್ತಾ ಬಂದಿದ್ದೇವೆ. ಬರ್ನಾರ್ಡ್ ಪ್ರಕಾರ ತಡೆದುಕೊಂಡವನು ಹೆನ್ರಿ. ಹುಟ್ಟುವ ಮಗುವಿನ ಹಕ್ಕಿನ ಬಗ್ಗೆ ಯಾರೂ ಬೆರಳು ತೋರಿಸಬಾರದು ಅನ್ನುವ ಲೆಕ್ಕಾಚಾರ ಅವನದು. ಈ ಅಧ್ಯಾಯ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿತು. ಪ್ರೇಮಪತ್ರಗಳನ್ನು ಮತ್ತೊಮ್ಮೆ ತೆರೆದು ನೋಡುವಂತೆ ಮಾಡಿತು.

ಆಮೇಲೆ ಬರುವುದು ಅವರ ಅತಿ ವಿವಾದದ ಮಾತು: ಆರೋಪಗಳಲ್ಲಿ ಕೆಲವು ನಿಜವೇ ಇರಬಹುದು. ಇದಕ್ಕೆ ಅವರು ಹಿಡಿದುಕೊಳ್ಳುವುದು ಒಂದು ಫ್ರೆಂಚ್ ಪದ್ಯವನ್ನು. ಬರೆದವನು ಲಾನ್ಸೆಲೊ ದ ಕಾರ್ಲ್, ಲಂಡನ್‌ನಲ್ಲಿದ್ದ ಫ್ರೆಂಚ್ ರಾಯಭಾರಿಯ ಕಾರ್ಯದರ್ಶಿ. ಆನ್ ಸತ್ತ ಕೆಲವೇ ದಿನಗಳಲ್ಲಿ ಬರೆದ ಪದ್ಯ. ಓಲಗದ ಒಬ್ಬ ಹೆಂಗಸನ್ನು ಅವಳ ಒಡಹುಟ್ಟಿದವನು ನಡತೆಯ ವಿಷಯಕ್ಕೆ ಬೈದಾಗ, ರಾಣಿ ನನಗಿಂತ ಕೆಟ್ಟವಳು ಎಂದು ಅವಳು ಬಾಯಿಬಿಟ್ಟಳು, ಅಲ್ಲಿಂದ ಎಲ್ಲ ಶುರುವಾಯಿತು ಅನ್ನುತ್ತದೆ ಪದ್ಯ. ತಾರೀಕುಗಳ ವಾದಕ್ಕೂ ಬರ್ನಾರ್ಡ್ ಕಡೆ ಉತ್ತರವಿದೆ. ಆರೋಪಪಟ್ಟಿಯಲ್ಲೇ ‘ಹಿಂದೆ ಮುಂದೆ ಬೇರೆ ದಿನಗಳಲ್ಲೂ’ ಅನ್ನುವ ಮಾತು ಸೇರಿಸಿದ್ದರು, ಹಾಗಾಗಿ ಒಂದೊಂದು ತಾರೀಕು ತಪ್ಪಿದ ಮಾತ್ರಕ್ಕೆ ಎಲ್ಲ ಸುಳ್ಳಾಗದು.

ನನ್ನ ತೂಕ ಐವ್ಸ್ ಕಡೆಗೇ. ರಾಣಿ ಅಂದರೆ ಹಗಲು ರಾತ್ರಿ ಸುತ್ತ ಜನ ಇರುವವಳು. ಯಾರ ನೆರವೂ ಇಲ್ಲದೆ ಆಕೆ ಇಷ್ಟೆಲ್ಲ ಮಾಡಲು ಆಗುತ್ತಿರಲಿಲ್ಲ, ನೆರವಾದಳು ಎಂದು ಒಬ್ಬ ದಾಸಿಯ ಮೇಲೂ ಮೊಕದ್ದಮೆ ಹೂಡಲಿಲ್ಲ. ಐವರಲ್ಲಿ ತಪ್ಪೊಪ್ಪಿಕೊಂಡವನು ಸಂಗೀತಗಾರ ಮಾರ್ಕ್ ಸ್ಮೀಟನ್ ಒಬ್ಬನೇ. ಗತಿಯಿಲ್ಲದವನು ಅವನೊಬ್ಬನೇ ಆಗಿದ್ದ ಅನ್ನುವುದನ್ನೂ ನೆನಪಿಡಬೇಕು. ಆದರೆ ಎಲ್ಲವನ್ನೂ ಕ್ರಾಮ್‌ವೆಲ್ ತಲೆಗೆ ಕಟ್ಟುವಾಗ ಐವ್ಸ್ ಹೆನ್ರಿಯನ್ನು ಸುಲಭವಾಗಿ ಬಿಟ್ಟುಬಿಡುತ್ತಾರೆ ಅನ್ನಿಸುತ್ತದೆ. ಮರಣದಂಡನೆಯ ಕಾಗದಕ್ಕೆ ಒಪ್ಪಿಗೆ ಬೇಕಾದದ್ದು ರಾಜನದು. ಬರ್ನಾರ್ಡ್ ಓದಿದ ಮೇಲೆ ಈ ಕೊರತೆ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಎರಡನ್ನೂ ಓದಿ, ಈ ಕ್ರಮದಲ್ಲೇ ಓದಿ ಅನ್ನುವುದು. ತಿರುಗಿಸಿ ಓದಿದರೆ ಬರ್ನಾರ್ಡ್ ಯಾರ ಜೊತೆ ವಾದ ಮಾಡುತ್ತಿದ್ದಾರೆ ಅನ್ನುವುದೇ ತಿಳಿಯದು.

ರೀಥಾ ವಾರ್ನಿಕೆ: ಎಚ್ಚರದಿಂದ, ಆದರೆ ಬಿಡಬೇಡಿ

1989ರ ‘ದಿ ರೈಸ್ ಅಂಡ್ ಫಾಲ್ ಆಫ್ ಆನ್ ಬೊಲಿನ್’ ಈಗಲೂ ಜಗಳ ಎಬ್ಬಿಸುವ ಪುಸ್ತಕ. 1536ರ ಜನವರಿ 29ರಂದು, ಕ್ಯಾಥರಿನ್‌ಳ ಶವಸಂಸ್ಕಾರದ ದಿನವೇ, ಆನ್‌ಗೆ ಗರ್ಭಪಾತವಾಯಿತು. ಆ ಪಿಂಡ ವಿಕಾರವಾಗಿತ್ತು, ಆ ಕಾಲದವರು ಅದನ್ನು ಪಾಪದ, ಮಾಟದ ಗುರುತು ಎಂದು ನಂಬುತ್ತಿದ್ದರು, ಹೆನ್ರಿ ಅದಕ್ಕೇ ಆಕೆಯನ್ನು ತೊಲಗಿಸಲು ನೋಡಿದ ಅನ್ನುವುದು ವಾರ್ನಿಕೆ ವಾದದ ತಿರುಳು. ತೊಂದರೆ ಏನೆಂದರೆ ವಿಕಾರ ಪಿಂಡದ ಮಾತು ಸಿಗುವುದು ಸ್ಯಾಂಡರ್‌ನಲ್ಲಿ. ಆನ್‌ಳ ಕೆಟ್ಟದ್ದನ್ನು ಹುಡುಕಿ ಹುಡುಕಿ ಬರೆಯುತ್ತಿದ್ದ ಶಪ್ವಿಯೇ ಆ ಮಾತು ಎತ್ತುವುದಿಲ್ಲ, ಸುಮಾರು ಮೂರೂವರೆ ತಿಂಗಳ ಗಂಡು ಎಂದಷ್ಟೇ ಬರೆಯುತ್ತಾನೆ. ಅಂಥ ಸುದ್ದಿ ಇದ್ದಿದ್ದರೆ ಅವನು ಬಿಡುತ್ತಿದ್ದನೇ? ಈ ಭಾಗವನ್ನು ನಾನು ಒಪ್ಪುವುದಿಲ್ಲ.

ಆದರೂ ಪುಸ್ತಕ ಮುಖ್ಯ. ಗಂಡಸರನ್ನು ಮರುಳು ಮಾಡಿದ ಮಾಯಗಾತಿ ಎಂಬ ಹಳೆಯ ಆನ್‌ಳನ್ನು ವಾರ್ನಿಕೆ ಗಟ್ಟಿಯಾಗಿ ಪ್ರಶ್ನಿಸಿದರು. ಮದುವೆ, ವಂಶ, ಹೆರಿಗೆ ಇವುಗಳ ಬಗ್ಗೆ ಆ ಕಾಲದ ನಂಬಿಕೆಗಳೇನು ಎಂದು ಕೇಳಿದರು. ಹುಟ್ಟಿದ ವರ್ಷದ ಜಗಳಕ್ಕೂ ಇಲ್ಲಿಗೆ ಬರಬೇಕು. ಹುಡುಗಿ ಆನ್ ತಂದೆಗೆ ಬರೆದ ಒಂದು ಫ್ರೆಂಚ್ ಪತ್ರ ಕೇಂಬ್ರಿಜ್‌ನಲ್ಲಿ ಉಳಿದಿದೆ. ಆಗ ಆಕೆ ಇದ್ದದ್ದು ನೆದರ್ಲೆಂಡ್ಸ್ ಆಳುತ್ತಿದ್ದ ಆಸ್ಟ್ರಿಯಾದ ಮಾರ್ಗರೆಟ್‌ಳ ಓಲಗದಲ್ಲಿ, 1513–14ರ ಸುಮಾರಿಗೆ. ಕಾಗುಣಿತ ತಪ್ಪಿದ್ದರೂ ಅಕ್ಷರ ನೇರವಾಗಿದೆ. ಇದು ಹನ್ನೆರಡು ವರ್ಷದ ಹುಡುಗಿಯ ಕೈ, ಆದ್ದರಿಂದ 1501 ಅನ್ನುವುದು ಐವ್ಸ್. ವಾರ್ನಿಕೆ 1507ಕ್ಕೆ ಅಂಟಿಕೊಳ್ಳುತ್ತಾರೆ. ಇದು ಸುಮ್ನೆ ತಾರೀಕಿನ ಜಗಳವಲ್ಲ. 1507 ಆದರೆ ಆಕೆ ಸಾಯುವಾಗ ಮೂವತ್ತೂ ಆಗಿರಲಿಲ್ಲ. 1501 ಆದರೆ ಮೂವತ್ತೈದರ ಹತ್ತಿರ, ಮುಂದೆ ಗಂಡು ಮಗು ಆಗುವ ಆಸೆ ಆ ಕಾಲದ ಲೆಕ್ಕದಲ್ಲಿ ಕಮ್ಮಿಯಾಗುತ್ತಿದ್ದ ವಯಸ್ಸು. ಹೆನ್ರಿಯ ಅವಸರ ಎರಡೂ ಕಡೆ ಬೇರೆ ಬೇರೆ ಅರ್ಥ ಕೊಡುತ್ತದೆ.

ಹೊಸದು ಬೇಕೆನ್ನುವವರಿಗೆ

ಜಾನ್ ಗೈ ಮತ್ತು ಜೂಲಿಯಾ ಫಾಕ್ಸ್ ದಂಪತಿ ಸೇರಿ ಬರೆದ ‘ಹಂಟಿಂಗ್ ದಿ ಫಾಲ್ಕನ್’ 2023ರಲ್ಲಿ ಬಂತು. ಇದು ಆನ್ ಒಬ್ಬಳ ಕಥೆಗಿಂತ ಒಂದು ಮದುವೆಯ ಕಥೆ. ಆಕೆ ಫ್ರಾನ್ಸ್‌ನಲ್ಲಿ ಕಳೆದ ವರ್ಷಗಳಿಗೆ ಇಲ್ಲಿ ಒಳ್ಳೆಯ ಜಾಗ ಸಿಕ್ಕಿದೆ. ರಾಣಿ ಕ್ಲೋಡ್‌ಳ ಸೇವೆಯಲ್ಲಿದ್ದ ಹುಡುಗಿ, ರಾಜನ ತಾಯಿ ಸವಾಯ್‌ನ ಲೂಯಿಸ್ ಅಧಿಕಾರ ನಡೆಸುವುದನ್ನು ಹತ್ತಿರದಿಂದ ಕಂಡಿದ್ದಳು. ಅದನ್ನು ಕಂಡು ಬಂದವಳು ಇಂಗ್ಲೆಂಡಿನಲ್ಲಿ ಮೂಲೆಯಲ್ಲಿ ಕೂರುವ ರಾಣಿಯಾಗಲು ಹೇಗೆ ಒಪ್ಪಿಯಾಳು? ಹೆನ್ರಿಯೂ ಇಲ್ಲಿ ಕ್ರಾಮ್‌ವೆಲ್‌ನ ಹಿಂದೆ ಅಡಗುವುದಿಲ್ಲ. ಐವ್ಸ್‌ನಲ್ಲಿ ನನಗೆ ಕಂಡ ಕೊರತೆಯನ್ನು ಈ ಪುಸ್ತಕ ಬಹಳ ಮಟ್ಟಿಗೆ ತುಂಬುತ್ತದೆ. ರಾಜತಾಂತ್ರಿಕ ವಿವರ ಜಾಸ್ತಿ, ರಾಯಭಾರಿಗಳ ಹೆಸರುಗಳ ನಡುವೆ ದಾರಿ ತಪ್ಪುವ ಪುಟಗಳಿವೆ. ಮೂರನೆಯ ಪುಸ್ತಕವಾಗಿ ಇದನ್ನೇ ಇಟ್ಟುಕೊಳ್ಳಿ.

ಅದೇ ವರ್ಷದ ಟ್ರೇಸಿ ಬೋರ್ಮನ್ ಪುಸ್ತಕ ತಾಯಿ–ಮಗಳನ್ನು ಒಟ್ಟಿಗೆ ನೋಡುತ್ತದೆ. ಎಲಿಜಬೆತ್ ಬಗ್ಗೆ ಈಗಾಗಲೇ ಓದಿರುವವರಿಗೆ ಇದು ಒಳ್ಳೆಯ ಬಾಗಿಲು. ಎರಡು ಪುಟ್ಟ ಮುಖಗಳಿರುವ ಉಂಗುರವೊಂದು ಎಲಿಜಬೆತ್ ಹತ್ತಿರ ಇತ್ತು, ಒಂದು ಅವಳದು, ಇನ್ನೊಂದು ತಾಯಿಯದು ಎಂದು ನಂಬಿಕೆ. ಇಂಥ ವಸ್ತುಗಳ ಸುತ್ತ ಯೋಚಿಸುವುದು ನಿಮಗೆ ಇಷ್ಟವಾದರೆ ಈ ಪುಸ್ತಕ ಹಿಡಿಸುತ್ತದೆ.

ಸುಲಭ ಓದಿಗೆ

ಆಂಟೋನಿಯಾ ಫ್ರೇಸರ್ ಆರೂ ರಾಣಿಯರ ಬಗ್ಗೆ ಬರೆದ ಪುಸ್ತಕ 1992ರದ್ದು. ಕ್ಯಾಥರಿನ್ ಕಥೆ ಗೊತ್ತಿಲ್ಲದೆ ಆನ್ ಕಥೆ ಅರ್ಧ ಮಾತ್ರ ತಿಳಿಯುತ್ತದೆ. ಫ್ರೇಸರ್ ಇಬ್ಬರಿಗೂ ನ್ಯಾಯ ಕೊಡುತ್ತಾರೆ, ಒಬ್ಬಳನ್ನು ಒಳ್ಳೆಯವಳು ಮಾಡಲು ಇನ್ನೊಬ್ಬಳನ್ನು ಕೆಟ್ಟವಳು ಮಾಡುವುದಿಲ್ಲ. ಇದೇ ಜಾಗದಲ್ಲಿ ಡೇವಿಡ್ ಸ್ಟಾರ್ಕಿ ಅವರ 2003ರ ‘ಸಿಕ್ಸ್ ವೈವ್ಸ್’ ಕೂಡ ಇದೆ. ಅದರ ದೊಡ್ಡ ಪಾಲು ಕ್ಯಾಥರಿನ್ ಮತ್ತು ಆನ್‌ಗೇ ಹೋಗಿದೆ. ಸ್ಟಾರ್ಕಿ ಚುರುಕು, ಆದರೆ ಊಹೆಯನ್ನೂ ಖಚಿತ ದನಿಯಲ್ಲೇ ಹೇಳುತ್ತಾರೆ. ಹೊಸ ಓದುಗರಿಗೆ ಯಾವುದು ದಾಖಲೆ, ಯಾವುದು ಊಹೆ ಎಂದು ಬಿಡಿಸಲು ಕಷ್ಟವಾಗಬಹುದು. ಅದಕ್ಕೇ ನನ್ನ ಆಯ್ಕೆ ಫ್ರೇಸರ್.

ಅಲಿಸನ್ ವಿಯರ್ ಅವರ ‘ದಿ ಲೇಡಿ ಇನ್ ದಿ ಟವರ್’ 1536ರಲ್ಲಿ ಆಕೆಯ ಬದುಕಿನ ಕೊನೆಯ ತಿಂಗಳುಗಳಿಗೇ ಮೀಸಲು. ಪ್ರತಿದಿನ ಏನಾಯಿತು ಅನ್ನುವುದು ಬೇಕಾದರೆ ಇದು. ಬದುಕೆಲ್ಲ ಬೇಕೆನ್ನುವವರು ಇದನ್ನು ಮೊದಲು ಓದಬಾರದು, ಆನ್ ಅಂದರೆ ಸಾವು ಮಾತ್ರ ಅನ್ನುವ ಭಾವನೆ ಕೂತುಬಿಡುತ್ತದೆ. ಕಾದಂಬರಿ, ಧಾರಾವಾಹಿಗಳ ಮೂಲಕ ಆನ್‌ಳ ಪರಿಚಯವಾದವರು ಸೂಸನ್ ಬೋರ್ಡೊ ಅವರ 2013ರ ‘ದಿ ಕ್ರಿಯೇಷನ್ ಆಫ್ ಆನ್ ಬೊಲಿನ್’ ನೋಡಬೇಕು. ನಮ್ಮ ತಲೆಯಲ್ಲಿರುವ ಆನ್ ಎಲ್ಲಿಂದ ಬಂದಳು ಎಂದು ಅದು ಎಳೆ ಎಳೆಯಾಗಿ ತೋರಿಸುತ್ತದೆ.

ಕೊಳ್ಳುವ ಮೊದಲು

ಇಲ್ಲಿ ಹೇಳದ ಪುಸ್ತಕವೊಂದು ಕೈಗೆ ಸಿಕ್ಕಿದರೆ ಎರಡು ಕಡೆ ತೆರೆದು ನೋಡಿ. ಹುಟ್ಟಿದ ವರ್ಷದ ಪುಟದಲ್ಲಿ ಎರಡೂ ವಾದಗಳನ್ನು ಹೇಳಿದ್ದಾರಾ, ಅಥವಾ ಒಂದೇ ವರ್ಷವನ್ನು ಸುಮ್ಮನೆ ಬರೆದುಬಿಟ್ಟಿದ್ದಾರಾ? ಆನ್ ಸಿಟ್ಟಿನಿಂದ ಏನೋ ಕೂಗಿದಳು ಎಂದು ಬರುವ ಕಡೆ, ಅದನ್ನು ಹೇಳಿದವನು ಶಪ್ವಿ ಎಂದು ತಿಳಿಸಿದ್ದಾರಾ? ಎರಡಕ್ಕೂ ಇಲ್ಲ ಅನ್ನುವ ಉತ್ತರ ಬಂದರೆ ಪುಸ್ತಕ ಕೆಳಗಿಡಿ. ಆರು ಬೆರಳಿನ ಕಥೆಯನ್ನು ನಿಜ ಅನ್ನುವಂತೆ ಹೇಳಿದ್ದರಂತೂ ಎರಡನೇ ಯೋಚನೆ ಬೇಡ.

ವಂಶವೃಕ್ಷ ಇರುವ ಮುದ್ರಣವನ್ನೇ ಆರಿಸಿ. ಈ ಕಥೆಯಲ್ಲಿ ಥಾಮಸ್‌ಗಳೇ ಅರ್ಧ ಡಜನ್‌ಗಿಂತ ಜಾಸ್ತಿ: ಬೊಲಿನ್, ಕ್ರಾಮ್‌ವೆಲ್, ಕ್ರಾನ್ಮರ್, ಮೋರ್, ವುಲ್ಸಿ, ವಯಟ್, ಹೋವರ್ಡ್. ಸಾಲದ್ದಕ್ಕೆ ನಡುವೆ ಬಿರುದು ಬದಲಾಗುತ್ತದೆ. ಆನ್‌ಳ ತಂದೆ 1525ರಲ್ಲಿ ರಾಚ್‌ಫರ್ಡ್, 1529ರಲ್ಲಿ ವಿಲ್ಟ್‌ಶೈರ್, ಆಮೇಲೆ ರಾಚ್‌ಫರ್ಡ್ ಅಂದರೆ ಮಗ ಜಾರ್ಜ್. ಇನ್ನೊಂದು ವಿಷಯ: ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷದ ಲೆಕ್ಕ ಮಾರ್ಚ್ 25ಕ್ಕೆ ಬದಲಾಗುತ್ತಿತ್ತು. ಆದ್ದರಿಂದ ನಾವು 1533ರ ಜನವರಿ ಅನ್ನುವುದನ್ನು ಹಳೆಯ ಕಾಗದಗಳು 1532 ಅನ್ನುತ್ತವೆ. ಎರಡು ಪುಸ್ತಕಗಳಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡರೆ ಮೊದಲು ಇದನ್ನು ನೋಡಿಕೊಳ್ಳಿ.

ದುಡ್ಡು ಕೊಡದೆ ಓದುವವರಿಗೆ ಪಾಲ್ ಫ್ರೀಡ್‌ಮನ್ 1884ರಲ್ಲಿ ಎರಡು ಸಂಪುಟಗಳಲ್ಲಿ ಬರೆದದ್ದು ಅಂತರ್ಜಾಲದಲ್ಲಿ ಸಿಗುತ್ತದೆ. ಶಪ್ವಿಯನ್ನು ಅತಿಯಾಗಿ ನೆಚ್ಚಿದ ಪುಸ್ತಕ, ಆನ್ ಮೇಲೆ ಕನಿಕರ ಕಮ್ಮಿ. ಅದಕ್ಕಿಂತ ಒಳ್ಳೆಯದು ನೇರ ಮೂಲಕ್ಕೆ ಹೋಗುವುದು. ಹೆನ್ರಿ ಕಾಲದ ಸರ್ಕಾರಿ ಪತ್ರಗಳ ಸಾರವನ್ನು ‘ಲೆಟರ್ಸ್ ಅಂಡ್ ಪೇಪರ್ಸ್’ ಹೆಸರಿನಲ್ಲಿ ಅಚ್ಚು ಹಾಕಿದ್ದಾರೆ, ಬ್ರಿಟಿಷ್ ಹಿಸ್ಟರಿ ಆನ್‌ಲೈನ್ ತಾಣದಲ್ಲಿ ಅದನ್ನು ಓದಬಹುದು. 1536ರ ಜನವರಿಯಿಂದ ಜೂನ್‌ವರೆಗಿನದು 10ನೇ ಸಂಪುಟ. ಐವ್ಸ್ ಮುಗಿಸಿ, ಬರ್ನಾರ್ಡ್ ತೆರೆಯುವ ಮೊದಲು ಅದರಲ್ಲಿ ಕಿಂಗ್‌ಸ್ಟನ್ ಪತ್ರಗಳನ್ನು ಹುಡುಕಿ ಓದಿ. ಇಬ್ಬರೂ ವಾದ ಕಟ್ಟಿರುವುದು ಆ ಸಾಲುಗಳ ಮೇಲೇ. ರಾಜನಿಗೆ ಏನಾದರೂ ಆದರೆ ನೀನು ನನ್ನನ್ನು ಪಡೆಯಲು ನೋಡುತ್ತೀಯ ಎಂಬ ಅರ್ಥದಲ್ಲಿ ಆನ್, ಆರೋಪ ಹೊತ್ತ ಐವರಲ್ಲಿ ಒಬ್ಬನಾದ ಹೆನ್ರಿ ನಾರಿಸ್‌ಗೆ ಹೇಳಿದ ಮಾತು ಅಲ್ಲಿದೆ. ಅದು ಓಲಗದ ಹರಟೆಯೋ, ರಾಜದ್ರೋಹವೋ, ಪ್ರೇಮವೋ ಎಂದು ಮೊದಲು ನೀವೇ ನಿರ್ಧರಿಸಿ, ಆಮೇಲೆ ಬರ್ನಾರ್ಡ್ ಶುರು ಮಾಡಿ.